ತೂಕದ ಯಂತ್ರದ ಜತೆ ಅಳತೆ ಟೇಪೂ ಇರಲಿ

ಮಾನ್ಯರೆ,

ಪುಣೆಯ ವಾಘೋಲಿ, ಹಿಂಜವಡಿ, ಮೋಶಿ ಸುತ್ತಮುತ್ತ ಕಟ್ಟಡ ಕೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರಿಗಾಗಿ ಆಗಾಗ ಉಚಿತ ಸಕ್ಕರೆ ಕಾಯಿಲೆ ತಪಾಸಣೆ ಶಿಬಿರಗಳು ನಡೆಯುತ್ತವೆ. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು: ತೂಕ, ಬಿಪಿ, ಬೆರಳಿಗೊಂದು ಚುಚ್ಚು. ಸಣಕಲು ಮೈಯವರು ಬಂದರೆ ‘ನಿನಗೆಲ್ಲಿಯ ಶುಗರ್, ಚೆನ್ನಾಗಿ ಉಣ್ಣಪ್ಪ’ ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ಸಕ್ಕರೆ ಕಾಯಿಲೆ ಉಂಡು ತಿಂದು ದಪ್ಪಗಾದವರ ರೋಗ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಈ ನಂಬಿಕೆ ತಪ್ಪೆಂದು ತೋರಿಸಿದ ಮುಖ್ಯ ಅಧ್ಯಯನಗಳಲ್ಲಿ ಕೆಲವು ನಡೆದದ್ದು ಇದೇ ಪುಣೆಯಲ್ಲಿ ಎಂಬುದು ವಿಚಿತ್ರ.

ಇಲ್ಲಿನ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರದ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆ ಬಳಿಯ ಆರು ಹಳ್ಳಿಗಳ ತಾಯಂದಿರನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ಗಮನಿಸತೊಡಗಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೊ. ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು 3.5 ಕಿಲೊ. ಇಷ್ಟೇ ಆಗಿದ್ದರೆ ‘ನಮ್ಮ ಮಕ್ಕಳು ಸಣ್ಣವು’ ಎಂದು ಬಿಡಬಹುದಿತ್ತು. ಹೊಟ್ಟೆಯ ಭಾಗ, ಸ್ನಾಯು ಎಲ್ಲವೂ ಕಿರಿದಾಗಿದ್ದರೂ ಹೆಗಲೆಲುಬಿನ ಕೆಳಗೆ ಚರ್ಮ ಚಿವುಟಿ ಅಳೆದಾಗ ಸಿಕ್ಕ ಕೊಬ್ಬು ಮಾತ್ರ ಹೆಚ್ಚುಕಡಿಮೆ ಇಂಗ್ಲಿಷ್ ಕೂಸುಗಳಷ್ಟೇ ಇತ್ತು. ನೋಡಲು ಸಣಕಲು, ಒಳಗೆ ಕೊಬ್ಬು. ಯಾಜ್ಞಿಕರು 2004ರಲ್ಲಿ ತಮ್ಮದೇ ಮೈಯನ್ನು ಉದಾಹರಣೆಯಾಗಿ ಕೊಟ್ಟರು. ಅವರದೂ ಲಂಡನ್ನಿನ ಸಂಶೋಧಕ ಜಾನ್ ಯುಡ್ಕಿನ್ ಅವರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ತೂಕದ ಯಂತ್ರಕ್ಕೆ ಇಬ್ಬರೂ ಒಂದೇ.

ಗರ್ಭದಲ್ಲಿ ಊಟ ಸಾಲದಾದಾಗ ಶರೀರ ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ. ಕೊರತೆಯನ್ನು ಸ್ನಾಯು, ಮೂತ್ರಪಿಂಡ ಮತ್ತು ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿಯ ತಲೆಗೆ ಕಟ್ಟುತ್ತದೆ. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. ಅದೇ ಕಡಿಮೆಯಿದ್ದರೆ, ಇನ್ಸುಲಿನ್ ಮಾಡುವ ಕಣಗಳೂ ಕಡಿಮೆಯಿದ್ದರೆ, ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ಊರಲ್ಲಿ ಎರಡು ರೊಟ್ಟಿ ತಿಂದು ದಿನವಿಡೀ ಹೊಲದಲ್ಲಿ ದುಡಿಯುವ ತನಕ ಇದು ಹೊರಗೆ ಕಾಣುವುದಿಲ್ಲ. ಪೇಟೆಗೆ ಬಂದು ಸುಲಭದ ತಿನಿಸು ಕೈಗೆ ಸಿಕ್ಕಾಗ ಹೆಚ್ಚಿನ ಕೊಬ್ಬು ತೊಡೆ–ತೋಳಿನ ಚರ್ಮದಡಿ ಸೇರುವ ಬದಲು ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೂರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಹಾಗಾಗಿ ಟೇಪು ಬೇಕು. ಭಾರತೀಯರಿಗೆ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ ವಹಿಸಬೇಕು. ಬಿಎಂಐ ಲೆಕ್ಕವೂ ನಮಗೆ 25ರಿಂದಲ್ಲ, 23ರಿಂದಲೇ ‘ಹೆಚ್ಚು’. ಅಳೆಯುವಾಗ ಆಗುವ ತಪ್ಪು ಒಂದೇ ತೆರನಾದದ್ದು: ಪ್ಯಾಂಟಿನ ಬೆಲ್ಟ್ ಇರುವಲ್ಲಿ, ಲಂಗದ ಲಾಡಿ ಕಟ್ಟಿದಲ್ಲಿ ಅಳೆಯುತ್ತಾರೆ. ಗಂಡಸರು ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುತ್ತಾರಾದ್ದರಿಂದ ‘ನಂದು 32 ಇಂಚು’ ಎನ್ನುವವರ ನಿಜವಾದ ಅಳತೆ 92 ಸೆಂ.ಮೀ. ಇರಬಹುದು. 32 ಇಂಚೆಂದರೆ 81 ಸೆಂ.ಮೀ. ಅಷ್ಟೆ. ಕಡೆಯ ಪಕ್ಕೆಲುಬಿನ ಕೆಳಗಿನ ಅಂಚನ್ನೂ ಟೊಂಕದ ಎಲುಬಿನ ಮೇಲಿನ ಅಂಚನ್ನೂ ಬೆರಳಿನಿಂದ ಹುಡುಕಿ ನಡುವೆ ಗುರುತು ಮಾಡಬೇಕು. ಟೇಪು ಸುತ್ತಲೂ ಒಂದೇ ಮಟ್ಟದಲ್ಲಿ, ಬರಿಮೈ ಮೇಲೆ ಇಲ್ಲವೇ ಒಂದು ತೆಳು ಬಟ್ಟೆಯ ಮೇಲೆ ಇರಬೇಕು. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಅಳೆಯುವವರನ್ನು ಕಂಡೊಡನೆ ಹೊಟ್ಟೆ ಒಳಗೆಳೆಯುವುದು ಎಲ್ಲರ ಚಾಳಿ, ಅದಕ್ಕೆ ಏನಾದರೂ ಮಾತಾಡಿಸುತ್ತ ಅಳೆಯುವುದು ಲೇಸು.

ಸುತ್ತಳತೆ ಗಡಿ ದಾಟಿದವರಿಗೆ, ತಂದೆ–ತಾಯಿಗೆ ಶುಗರ್ ಇದ್ದವರಿಗೆ, ಹುಟ್ಟಿದಾಗ ಎರಡೂವರೆ ಕಿಲೊಗಿಂತ ಕಡಿಮೆ ಇದ್ದವರಿಗೆ ಬೆರಳಿನ ಚುಚ್ಚು ಸಾಲದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೊಮ್ಮೆ, 75 ಗ್ರಾಂ ಗ್ಲುಕೋಸ್ ಕುಡಿದು ಎರಡು ತಾಸಿನ ಮೇಲೆ ಇನ್ನೊಮ್ಮೆ ರಕ್ತ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ 126 ಇಲ್ಲವೇ ಎರಡು ತಾಸಿಗೆ 200 ಮುಟ್ಟಿದರೆ ಕಾಯಿಲೆ, ಎರಡು ತಾಸಿಗೆ 140ರಿಂದ 199 ಇದ್ದರೆ ಹೊಸ್ತಿಲಲ್ಲಿ ನಿಂತಂತೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನಂಬುವುದು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಸರಿಯಲ್ಲ, ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಸುಳ್ಳೇ ಏರಿ ತೋರಿಸಬಹುದು.

ಇನ್ನು ಊಟ. ದೊಡ್ಡವರ ಊಟದ ಬಗ್ಗೆ ಮಾತೆತ್ತಿದರೆ ಎಲ್ಲರೂ ವಡಾಪಾವ್ ಮೇಲೆ ಮುಗಿಬೀಳುತ್ತಾರೆ. ಬಟಾಟೆ, ಮೇಲೆ ಕಡಲೆಹಿಟ್ಟು, ಹೊರಗೆ ಮೈದಾದ ಪಾವ್, ಸರಿ. ಆದರೆ ನಮಗೆ ಅದಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಚಹಾ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ. ಅಲ್ಲಿಗೆ 50 ಗ್ರಾಂ, 200 ಕ್ಯಾಲೊರಿ. ಎರಡು ಸಾವಿರ ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮೇಲಿನ ಮಿತಿಯೇ ಅಷ್ಟು. ಜತೆಗೆ ಅದ್ದಿ ತಿನ್ನುವ ಬಿಸ್ಕಿಟ್ ಲೆಕ್ಕ ಬೇರೆ. ಸಕ್ಕರೆಯನ್ನು ಒಮ್ಮೆಲೇ ಬಿಡಿಸಲು ಹೋದರೆ ಯಾರೂ ಬಿಡುವುದಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಗೆ ಒಗ್ಗುತ್ತದೆ.

ಕಳೆಯುವುದಕ್ಕಿಂತ ಕೂಡಿಸುವುದು ಮುಖ್ಯ. ಸ್ನಾಯು ಉಳಿಯಬೇಕಾದರೆ ಪ್ರೊಟೀನ್ ಬೇಕು, 55 ಕಿಲೊ ತೂಕದವರಿಗೆ ದಿನಕ್ಕೆ ಸುಮಾರು 46 ಗ್ರಾಂ. ಇದಕ್ಕೆ ಡಬ್ಬದ ಪುಡಿ ಬೇಕಿಲ್ಲ. ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 10, ಐವತ್ತು ಗ್ರಾಂ ಹೆಸರುಕಾಳು ಅಥವಾ ಮಡಕಿಕಾಳಿನ ಉಸಳಿಯಿಂದ 12, ಒಂದು ಹಿಡಿ ಶೇಂಗಾದಿಂದ 7, ಕಾಲು ಲೀಟರ್ ಹಾಲು–ಮೊಸರಿನಿಂದ 8, ಮೂವತ್ತು ಗ್ರಾಂ ತೊಗರಿಬೇಳೆಯಿಂದ 6, ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. ಊರಿನ ತಾಟು ಹೆಚ್ಚುಕಡಿಮೆ ಇದೇ. ಅದನ್ನು ಬಿಟ್ಟು ಬರಿ ಅನ್ನ–ಸಾರು, ಪಾವ್‌ಗೆ ಇಳಿದದ್ದೇ ತಪ್ಪು. ಪುಂಡಿಪಲ್ಯ, ಮೆಂತ್ಯ, ರಾಜಗಿರಿ ಪುಣೆಯ ಮಾರುಕಟ್ಟೆಯಲ್ಲೂ ಸಿಗುತ್ತವೆ. ನಲವತ್ತರ ಮೇಲೆ ಗಾರೆ ಕೆಲಸ ಬಿಟ್ಟು ಹನ್ನೆರಡು ತಾಸು ಗೇಟಿನ ಮುಂದೆ ಕುರ್ಚಿ ಹಿಡಿಯುವವರಿಗೆ ಇದು ಇನ್ನೂ ಮುಖ್ಯ: ದುಡಿಮೆ ಅರ್ಧವಾಗಿರುತ್ತದೆ, ತಾಟು ಮಾತ್ರ ಹಾಗೇ ಇರುತ್ತದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದನ್ನು ದಿನಕ್ಕೆ ಮೂರು ಬಾರಿ ಮಾಡಿದರೂ ತೊಡೆಯ ಸ್ನಾಯುವಿಗೆ ಕೆಲಸ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. 42 ಕಿಲೊ ಮೈಯವರಿಗೆ ಶುಗರ್ ಬಂದಾಗ ‘ಅನ್ನ ಬಿಡು, ತೂಕ ಇಳಿಸು’ ಎಂದು ಎಲ್ಲರಿಗೂ ಹಂಚುವ ಚೀಟಿಯನ್ನೇ ಕೊಡುವುದು ಅನ್ಯಾಯ. ಬಾಲ್ಯದಿಂದಲೂ ಹಸಿವು ಕಂಡ, ತೀರಾ ಸಣಕಲಾದವರಲ್ಲಿ ಬೇರೆ ಬಗೆಯ ಮಧುಮೇಹ ಇರಬಹುದು. ಅವರಲ್ಲಿ ಇನ್ಸುಲಿನ್ ಕೆಲಸ ಮಾಡದಿರುವುದಲ್ಲ, ಇನ್ಸುಲಿನ್ನೇ ಸಾಕಷ್ಟು ಸ್ರವಿಸುವುದಿಲ್ಲ ಎಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ನಡೆದ ಅಧ್ಯಯನ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪಟ್ಟಿಗೆ ಸೇರಿಸಿ 1999ರಲ್ಲಿ ಕೈಬಿಟ್ಟಿದ್ದ ಈ ಬಗೆಯನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ‘ಟೈಪ್ 5’ ಎಂದು ಮಾನ್ಯ ಮಾಡಿದೆ. ಇಂಥವರಿಗೆ ಊಟ ಕಡಿಸುವುದಲ್ಲ, ಪ್ರೊಟೀನ್ ಸಹಿತ ಊಟ ಕೂಡಿಸಬೇಕು. ಔಷಧವನ್ನು ತಜ್ಞ ವೈದ್ಯರೇ ತೀರ್ಮಾನಿಸಬೇಕು.

ಬಸುರಿಯರ ವಿಷಯಕ್ಕೆ ಬಂದರೆ, ಪುಣೆಯ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬಿ12 ಕೊರತೆ ಇತ್ತು. ಬಿ12 ಕಡಿಮೆ, ಫೋಲೇಟ್ (ಫೋಲಿಕ್ ಆಮ್ಲ ಇದರದೇ ಗುಳಿಗೆ ರೂಪ) ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು, ಎಲ್ಲರಿಗಿಂತ ಹೆಚ್ಚು ಕಂಡಿತು. ಇದನ್ನು ಓದಿ ಫೋಲಿಕ್ ಆಮ್ಲದ ಗುಳಿಗೆ ಬಿಡಬಾರದು, ಮಗುವಿನ ಬೆನ್ನುಹುರಿಗೆ ಅದು ಬೇಕೇ ಬೇಕು. ಬೇಕಾದದ್ದು ಬಿ12 ಕೂಡಿಸುವುದು. ಅದು ಸೊಪ್ಪು, ಕಾಳುಗಳಲ್ಲಿ ಇಲ್ಲ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೊಗ್ರಾಂ ಇದೆ. ದಿನಕ್ಕೆ ಬೇಕಾದದ್ದು ಎರಡಕ್ಕೂ ತುಸು ಹೆಚ್ಚು. ಚಹಾಕ್ಕೆ ಹಾಕಿದ ಹಾಲು ಮೂರು ಕಪ್ಪಿಗೂ ನೂರು ಮಿಲಿ ಮುಟ್ಟುವುದಿಲ್ಲ, ‘ನಾವು ಹಾಲು ಕುಡಿಯುತ್ತೇವೆ’ ಎಂಬ ಉತ್ತರವನ್ನು ಹಾಗಾಗಿ ಕೆದಕಿ ಕೇಳಬೇಕು. ಮೊಟ್ಟೆ–ಮೀನು ಮುಟ್ಟದವರು ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಳ್ಳುವುದೇ ದಾರಿ. ಕಬ್ಬಿಣದ ಕೆಂಪು ಗುಳಿಗೆಯನ್ನು ಚಹಾದ ಜತೆ ನುಂಗಬಾರದು, ಸುಣ್ಣದ ಅಂದರೆ ಕ್ಯಾಲ್ಸಿಯಂ ಗುಳಿಗೆಯ ಜತೆಗೂ ಬೇಡ. ಇವೆರಡೂ ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತವೆ, ನಡುವೆ ಎರಡು ತಾಸಾದರೂ ಇರಲಿ. 75 ಗ್ರಾಂ ಗ್ಲುಕೋಸ್ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು, ಬಸುರಿಯರಲ್ಲಿ ಎರಡು ತಾಸಿಗೆ 140 ಮುಟ್ಟಿದರೇ ಕಾಯಿಲೆ. ಕುಡಿದ ಅರ್ಧ ತಾಸಿನೊಳಗೆ ವಾಂತಿಯಾದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಮಾಡಿಸಬೇಕು.

ಕೂಸಿಗೆ ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಎಲ್ಲರೂ ಎಡವುವುದು ಗಂಜಿಯಲ್ಲಿ. ಬೇಳೆಯ ತಿಳಿನೀರು, ಅಕ್ಕಿಯ ತೆಳು ಗಂಜಿ ಕೂಸಿನ ಪುಟ್ಟ ಹೊಟ್ಟೆಯನ್ನು ತುಂಬುತ್ತವೆಯೇ ಹೊರತು ಬೆಳೆಸುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು, ಬೇಳೆ ಕರಗಿರಬೇಕು, ಒಂದು ಚಮಚ ತುಪ್ಪ ಅಥವಾ ಎಣ್ಣೆ, ಅರೆದ ಸೊಪ್ಪು ಸೇರಿರಬೇಕು. ಚಹಾದಲ್ಲಿ ಅದ್ದಿದ ಬಿಸ್ಕಿಟ್ ಬೇಡವೇ ಬೇಡ. ಬ್ರಿಟನ್ನಿನಲ್ಲಿ ಸಕ್ಕರೆಯ ಪಡಿತರ 1953ರಲ್ಲಿ ಮುಗಿಯಿತು. ಅದಕ್ಕೆ ಮುಂಚೆ ಗರ್ಭದಲ್ಲೂ ಮೊದಲ ವರ್ಷಗಳಲ್ಲೂ ಸಕ್ಕರೆ ಕಡಿಮೆ ಕಂಡವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು.

ಎರಡು ವರ್ಷದ ತನಕ ಸಣಕಲು ಕೂಸು ತೂಕ ಹಿಡಿದರೆ ಸಂತೋಷವೇ. ಆಮೇಲಿನ ಮಾತು ಬೇರೆ. ದಿಲ್ಲಿಯಲ್ಲಿ ಹುಟ್ಟಿದಂದಿನಿಂದ ಗಮನಿಸಿದ 1,492 ಜನರಲ್ಲಿ, ದೊಡ್ಡವರಾದ ಮೇಲೆ ಸಕ್ಕರೆ ಏರಿದವರು ಎರಡರ ತನಕ ತೆಳ್ಳಗಿದ್ದು ಆಮೇಲೆ ಹನ್ನೆರಡರ ತನಕ ಬಿಎಂಐ ಬೇಗ ಬೇಗ ಏರಿದವರು. ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಯಾರೂ ಬೊಜ್ಜಿನವರೆನ್ನಿಸಿಕೊಂಡಿರಲಿಲ್ಲ! ‘ಈಗ ಮೈ ಕೈ ತುಂಬಿಕೊಂಡ’ ಎಂದು ಅಜ್ಜಿ ಖುಷಿಪಡುವ ಹೊತ್ತಿಗೇ ಎತ್ತರವನ್ನೂ ಅಳೆದು ನೋಡಬೇಕು. ಎತ್ತರ ನಿಂತು ತೂಕ ಮಾತ್ರ ಜಿಗಿದರೆ ಕುರುಕಲು ಪೊಟ್ಟಣ ನಿಲ್ಲಿಸಿ ಮೊಟ್ಟೆ, ಕಾಳು, ಮೊಸರು, ಆಟಕ್ಕೆ ತಿರುಗಿಸಬೇಕು.

ಶಿಬಿರ ನಡೆಸುವ ನಮ್ಮ ಸಂಘಗಳಿಗೆ ಕೇಳಿಕೊಳ್ಳುವುದು ಇಷ್ಟು. ಹಿಗ್ಗದ ಟೇಪು ಒಂದು. ಹೆಂಗಸರಿಗೆ ಪರದೆ ಕಟ್ಟಿದ ಮೂಲೆ, ಅಳೆಯಲು ಒಬ್ಬ ಹೆಣ್ಣುಮಗಳು. ನೋಂದಣಿ ಹಾಳೆಯಲ್ಲಿ ಎರಡು ಸಾಲು ಹೆಚ್ಚು: ಹೊಟ್ಟೆಯ ಸುತ್ತಳತೆ, ಹುಟ್ಟಿದಾಗಿನ ತೂಕ. ದೊಡ್ಡವರಿಗೆ ಎರಡನೆಯದು ಗೊತ್ತಿರುವುದಿಲ್ಲ, ಖಾಲಿ ಬಿಡಲಿ. ಮಕ್ಕಳದು ಕರ್ನಾಟಕದ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಆ ಕಾರ್ಡು ಬಹುಪಾಲು ಊರಿನ ಟ್ರಂಕಿನ ತಳದಲ್ಲಿರುತ್ತದೆ. ಮುಂದಿನ ಸಲ ಹಬ್ಬಕ್ಕೆ ಹೋದವರು ಜೋಳದ ಚೀಲದ ಜತೆ ಅದನ್ನೂ ತರಲಿ, ಇಲ್ಲಿನ ಅಂಗನವಾಡಿಯಲ್ಲಿ ಮಗುವಿನ ಹೆಸರು ಸೇರಿಸುವಾಗಲೂ ಅದು ಕೆಲಸಕ್ಕೆ ಬರುತ್ತದೆ.

– ಇಬ್ಬರು ಆಹಾರತಜ್ಞರು, ಪುಣೆ