ಇಂಗ್ಲಿಷ್ ಬಹುವಚನ: ಕಿವಿಯಿಂದ ಕಲಿಸಿ

ಮಾನ್ಯ ಸಂಪಾದಕರೇ,

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಬಹುವಚನ ಕಲಿಸುವಾಗ ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡಿಸುವುದು ಅನೇಕ ಶಾಲೆಗಳಲ್ಲಿ ರೂಢಿಯಾಗಿದೆ. ಪದದ ಕೊನೆಯಲ್ಲಿ ಎಸ್, ಎಕ್ಸ್, ಸಿಎಚ್, ಎಸ್‌ಎಚ್ ಇದ್ದರೆ ಇಎಸ್ ಸೇರಿಸಬೇಕೆಂಬುದು ಅದರ ಮೊದಲ ನಿಯಮ. ಇದನ್ನು ಚಾಚೂ ತಪ್ಪದೆ ಪಾಲಿಸಿ ‘ಸ್ಟಮಕ್’ ಪದಕ್ಕೂ ಇಎಸ್ ಸೇರಿಸಿದ್ದ ಏಳನೇ ತರಗತಿಯ ಬಾಲಕಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿದ್ದನ್ನು ಈಚೆಗೆ ನೋಡಿದೆ. ಹೇಳಿಕೊಟ್ಟಂತೆಯೇ ಬರೆದವಳಿಗೆ ಅಂಕ ಹೋಯಿತು, ಕಾರಣ ಮಾತ್ರ ತಿಳಿಯಲಿಲ್ಲ.

ವಾಸ್ತವವಾಗಿ ಈ ನಿಯಮ ಅಕ್ಷರದ್ದಲ್ಲ, ಉಚ್ಚಾರಣೆಯದು. ಬಸ್, ಬಾಕ್ಸ್, ಬೆಂಚ್, ಡಿಶ್ ಮುಂತಾದ ಪದಗಳು ಸಕಾರದಲ್ಲೋ ಅದಕ್ಕೆ ಹತ್ತಿರದ ಧ್ವನಿಯಲ್ಲೋ ಮುಗಿಯುವುದರಿಂದ ಅವುಗಳಿಗೆ ಇನ್ನೊಂದು ಸಕಾರವನ್ನು ನೇರವಾಗಿ ಸೇರಿಸಿ ನುಡಿಯಲು ನಾಲಿಗೆ ಹೊರಳುವುದಿಲ್ಲ. ನಡುವೆ ಸ್ವರವೊಂದು ಬರಲೇಬೇಕು, ಬರಹದಲ್ಲಿ ಅದನ್ನು ಇ ಅಕ್ಷರ ತೋರಿಸುತ್ತದೆ. ಸ್ಟಮಕ್‌ನ ಸಿಎಚ್ ಕಕಾರವಾಗಿ ಕೇಳಿಸುವುದರಿಂದ ಅಲ್ಲಿ ಬರಿಯ ಎಸ್ ಸಾಕು. ಬೆಂಚ್ ಮತ್ತು ಸ್ಟಮಕ್ ಎರಡರ ಬಹುವಚನವನ್ನೂ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿ, ಎಲ್ಲಿ ಒಂದು ಉಚ್ಚಾರಾಂಶ ಹೆಚ್ಚಾಯಿತೆಂದು ಕೇಳಿದರೆ ಅವರೇ ಗುರುತಿಸುತ್ತಾರೆ. ಲೀಫ್, ನೈಫ್ ಪದಗಳ ಫಕಾರ ಬಹುವಚನದಲ್ಲಿ ವಕಾರವಾಗುತ್ತದೆ, ರೂಫ್, ಚೀಫ್‌ಗಳದ್ದು ಹಾಗೆಯೇ ಉಳಿಯುತ್ತದೆ. ಇಲ್ಲಿ ಬಾಯಿಪಾಠ ತಪ್ಪದು, ಆದರೆ ಸರಿಯಾಗಿ ನುಡಿಯಲು ಕಲಿತವರಿಗೆ ಕಾಗುಣಿತದ ಅರ್ಧ ಕೆಲಸ ಮುಗಿದಿರುತ್ತದೆ. ವೈ ಅಕ್ಷರದ ಹಿಂದೆ ವ್ಯಂಜನವಿದ್ದರೆ ಬೇಬಿ ಪದದಂತೆ ಐಇಎಸ್, ಸ್ವರವಿದ್ದರೆ ಮಂಕಿ ಪದದಂತೆ ಎಸ್ ಎಂಬುದು ಬಹುಮಟ್ಟಿಗೆ ನಂಬಬಹುದಾದ ನಿಯಮ. ಫುಟ್ ಫೀಟ್ ಆಗುವಂಥವು ಹಳೆಯ ಇಂಗ್ಲಿಷಿನ ಉಳಿಕೆಗಳು, ಕೆಲವೇ ಇವೆ.

ನಮ್ಮ ಮಕ್ಕಳ ಇನ್ನೊಂದು ತೊಡಕನ್ನು ಈ ಪಟ್ಟಿಗಳು ಗಮನಿಸುವುದೇ ಇಲ್ಲ. ಕನ್ನಡದಲ್ಲಿ ನಾವು ‘ಎರಡು ಪುಸ್ತಕ’, ‘ಹತ್ತು ರೂಪಾಯಿ’ ಎನ್ನುತ್ತೇವೆ. ಸಂಖ್ಯೆಯೇ ಬಹುತ್ವವನ್ನು ಸೂಚಿಸುವುದರಿಂದ ‘ಗಳು’ ಬೇಕೆನಿಸುವುದಿಲ್ಲ. ಆದ್ದರಿಂದಲೇ ‘ಟೂ ಬುಕ್’ ಎಂದು ಬರೆಯುವ ಮಗು ಅಜಾಗರೂಕವೆಂದು ಗದರುವ ಬದಲು, ಇಂಗ್ಲಿಷಿನಲ್ಲಿ ಸಂಖ್ಯೆ ಇದ್ದರೂ ಎಸ್ ಬೇಕೆಂದು ಎರಡೂ ಭಾಷೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು. ಫರ್ನಿಚರ್, ಇನ್ಫರ್ಮೇಷನ್ ಪದಗಳಿಗೆ ಎಸ್ ಸೇರದೆಂಬುದನ್ನೂ ಅದೇ ಪಾಠದಲ್ಲಿ ಹೇಳಬಹುದು. (ಶಾಲೆಯ ಸೂಚನಾಫಲಕದಲ್ಲೇ ‘ಪೇರೆಂಟ್ಸ್‌ಗಳು’ ಎಂದು ಬರೆಯುವ ದೊಡ್ಡವರನ್ನು ತಿದ್ದುವವರು ಯಾರೋ!)

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ಒಂದು ವಿನಂತಿ. ಪೊಟ್ಯಾಟೊ, ಟೊಮ್ಯಾಟೊ ಪದಗಳಿಗೆ ಇಎಸ್, ಫೋಟೊ, ಪಿಯಾನೊ ಪದಗಳಿಗೆ ಎಸ್ ಎಂಬುದು ಸ್ಪಷ್ಟ. ಆದರೆ ಮ್ಯಾಂಗೊ ಪದಕ್ಕೆ ನಿಘಂಟುಗಳು ಎರಡು ರೂಪವನ್ನೂ ಕೊಡುತ್ತವೆ. ಇಂಥ ಪದಗಳನ್ನು ಒಂದಂಕದ ಪ್ರಶ್ನೆಗೆ ಆರಿಸಬಾರದು. ಆರಿಸಿದರೆ ಎರಡೂ ಉತ್ತರ ಸರಿಯೆಂದು ಮೌಲ್ಯಮಾಪಕರಿಗೆ ಲಿಖಿತವಾಗಿ ಸೂಚಿಸಬೇಕು.

– ನಿವೃತ್ತ ಇಂಗ್ಲಿಷ್ ಶಿಕ್ಷಕ, ಶಿವಮೊಗ್ಗ