ಗಣಿತ ಬೇಡ ಅಂದವರಿಗೆ ಅನಿಮೇಷನ್ ಅಂತ ಹೇಳಿದ್ಯಾರು?

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದಾಗಲೆಲ್ಲ ‘ಮುಂದೇನು ಓದಬಹುದು’ ಅನ್ನುವ ಲೇಖನಗಳು ಬರುತ್ತವೆ. ಅನಿಮೇಷನ್ ಬಗ್ಗೆ ಅವುಗಳಲ್ಲಿ ಒಂದೇ ರಾಗ. ಗಣಿತ ತಲೆಗೆ ಹತ್ತದ, ಚಿತ್ರ ಬಿಡಿಸುವ ಹುಚ್ಚಿರುವ ಮಕ್ಕಳಿಗೆ ಹೇಳಿ ಮಾಡಿಸಿದ ಕೋರ್ಸ್ ಅಂತೆ. ನಾನೂ ಇದನ್ನೇ ನಂಬಿ ಬಂದವಳು. ಪರೀಕ್ಷೆ ಮುಗಿದ ದಿನವೇ ಗಣಿತದ ಪುಸ್ತಕವನ್ನು ರದ್ದಿಗೆ ಹಾಕಿದ್ದೆ. ಈಗ ಬಿಎಸ್ಸಿ ಅನಿಮೇಷನ್ ಮೂರನೇ ವರ್ಷ. ಹೋದ ತಿಂಗಳು ಅದೇ ಪುಸ್ತಕವನ್ನು ಅವೆನ್ಯೂ ರಸ್ತೆಯಲ್ಲಿ ದುಡ್ಡು ಕೊಟ್ಟು ತಂದೆ!

ನಮ್ಮ ಮೊದಲ ಅಸೈನ್‌ಮೆಂಟ್ ಒಂದು ಚೆಂಡು. ಸುಮ್ನೆ ಬಿದ್ದು ಪುಟಿಯಬೇಕು, ಅಷ್ಟೇ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಅಲ್ವಾ, ಒಂದೊಂದು ಫ್ರೇಮಿಗೂ ಸಮ ಅಂತರ ಬಿಟ್ಟು ಇಳಿಸಿದೆ. ಪ್ಲೇ ಮಾಡಿದರೆ ಚೆಂಡು ಲಿಫ್ಟಿನಲ್ಲಿ ಕೂತು ಇಳಿದು ಬಂದ ಹಾಗಿತ್ತು. ಬೀಳುವ ವಸ್ತು ಸಮ ಸಮ ಹೊತ್ತಿನಲ್ಲಿ ಸಾಗುವ ದೂರ 1, 3, 5, 7 ಹೀಗೆ ಏರುತ್ತಾ ಹೋಗುತ್ತದೆ ಅಂತ ಗೆಲಿಲಿಯೋ ಯಾವತ್ತೋ ಹೇಳಿಟ್ಟಿದ್ದಾನೆ. ಆ ಲೆಕ್ಕದಲ್ಲಿ ಜೋಡಿಸಿದೆ ನೋಡಿ, ಚೆಂಡಿಗೆ ತೂಕ ಬಂತು.

ಎರಡನೇ ವರ್ಷ ಇನ್ನೂ ಫಜೀತಿ. ನನ್ನ ಪಾತ್ರ ಕೈ ಎತ್ತಿ ನಮಸ್ಕಾರ ಮಾಡಬೇಕಿತ್ತು. ಅರ್ಧ ದಾರಿಗೆ ಬಂದ ಕೈ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ಲ್ಯಾಬಿನಲ್ಲಿ ಕೇಳಿದರೆ, ರೊಟೇಷನ್ ಆರ್ಡರ್ (ಯಾವ ಅಕ್ಷದ ಸುತ್ತ ಮೊದಲು, ಯಾವುದರ ಸುತ್ತ ಆಮೇಲೆ ತಿರುಗಿಸುವುದು ಅನ್ನುವ ಕ್ರಮ) ಬದಲಾಯಿಸು, ಸರಿಹೋಗುತ್ತೆ ಅಂದರು. ಸರಿಹೋಯಿತು ಕೂಡ. ಯಾಕೆ ಅಂತ ಯಾರೂ ಹೇಳಲಿಲ್ಲ, ಸಿಲೆಬಸ್ಸಿನಲ್ಲಿ ಅದು ಇಲ್ಲವೇ ಇಲ್ಲ. ಆಮೇಲೆ ನಾನೇ ಹುಡುಕಿ ತಿಳಿದುಕೊಂಡೆ. ಇದಕ್ಕೆ ಗಿಂಬಲ್ ಲಾಕ್ ಅನ್ನುತ್ತಾರೆ. ಮೂರು ಅಕ್ಷಗಳ ಸುತ್ತ ಒಂದಾದ ಮೇಲೊಂದು ತಿರುಗಿಸುವಾಗ, ನಡುವಿನದು 90 ಡಿಗ್ರಿ ತಿರುಗಿದರೆ ಉಳಿದ ಎರಡು ಅಕ್ಷಗಳು ಒಂದೇ ಗೆರೆಯ ಮೇಲೆ ಬಂದುಬಿಡುತ್ತವೆ, ಆಗ ಒಂದು ದಿಕ್ಕಿಗೆ ತಿರುಗುವ ದಾರಿಯೇ ಇರುವುದಿಲ್ಲ. ಇದನ್ನು ತಪ್ಪಿಸುವ, ತಿರುಗುವಿಕೆಯನ್ನು ನಾಲ್ಕು ಸಂಖ್ಯೆಗಳಲ್ಲಿ ಹಿಡಿದಿಡುವ ಕ್ವಾಟರ್ನಿಯನ್ ಲೆಕ್ಕವನ್ನು ಗಣಿತಜ್ಞ ಹ್ಯಾಮಿಲ್ಟನ್ ಕಂಡುಹಿಡಿದದ್ದು 1843ರಲ್ಲಿ. ಅನಿಮೇಷನ್ನಿಗೆ ಅದನ್ನು ಹೇಗೆ ಬಳಸಬಹುದು ಅಂತ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಕೆನ್ ಶೂಮೇಕ್ ತೋರಿಸಿದ್ದು 1985ರಲ್ಲಿ. ನನಗೆ ಗೊತ್ತಾಗಿದ್ದು ಅಸೈನ್‌ಮೆಂಟಿನ ಮಾರ್ಕ್ಸ್ ಹೋದ ಮೇಲೆ.

ಈ ಕಂಪ್ಯೂಟರ್ ಅನಿಮೇಷನ್ ವಿದ್ಯೆ ಹುಟ್ಟಿದ ಕಥೆಯಲ್ಲೂ ಗಣಿತ ಇದೆ. ಎಡ್ ಕ್ಯಾಟ್‌ಮಲ್‌ಗೆ ಚಿಕ್ಕಂದಿನಿಂದ ಅನಿಮೇಟರ್ ಆಗುವ ಆಸೆ. ಆದರೆ ಚಿತ್ರ ಅಷ್ಟು ಚೆನ್ನಾಗಿ ಬರಲ್ಲ ಅನ್ನಿಸಿ ಫಿಸಿಕ್ಸ್, ಕಂಪ್ಯೂಟರ್ ಕಡೆ ಹೋದರು. 1972ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಓದುವಾಗ ತಮ್ಮದೇ ಎಡಗೈಯ ಅಚ್ಚು ತೆಗೆದು, ಅದರ ಮೇಲೆಲ್ಲ ಗೆರೆ ಎಳೆದು, ಅಳತೆ ಹಿಡಿದು ಕಂಪ್ಯೂಟರಿಗೆ ಹಾಕಿ ಆ ಕೈಯ ಬೆರಳು ಮಡಚುವ ಹಾಗೆ ಮಾಡಿದರು. ಮುಂದೆ ಪಿಕ್ಸಾರ್ ಅನಿಮೇಷನ್ ಸ್ಟುಡಿಯೋ ಕಟ್ಟಿದವರಲ್ಲಿ ಅವರೂ ಒಬ್ಬರು.

ಹಾಗಂತ ಲೆಕ್ಕ ಗೊತ್ತಿದ್ದರೆ ಸಾಕು ಅಂತಲ್ಲ. ಎಂಜಿನಿಯರಿಂಗಿನ ಗೆಳೆಯರು ಕಂಪ್ಯೂಟರ್ ಗ್ರಾಫಿಕ್ಸ್ ಪೇಪರಿನಲ್ಲಿ ಮ್ಯಾಟ್ರಿಕ್ಸ್ ಅರೆದು ಕುಡಿದಿದ್ದಾರೆ. ಆದರೆ ಬಿಂದಿಗೆ ಹೊತ್ತ ಹೆಂಗಸಿನ ಸೊಂಟ ಯಾವ ಕಡೆ ವಾಲುತ್ತೆ ಅಂತ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ನಮ್ಮ ಕಡೆ ಬರೀ ಸಾಫ್ಟ್‌ವೇರಿನ ಬಟನ್, ಅವರ ಕಡೆ ಬರೀ ಸೂತ್ರ. ಬಟನ್ ಜಾಗವೋ, ಹೊಸ ವರ್ಷನ್ ಬಂದರೆ ಬದಲಾಗುತ್ತೆ.

ಇನ್ನು ಪಾತ್ರದ ಕೈಕಾಲಿಗೆ ಕೀಲು ಜೋಡಿಸುವ ವಿದ್ಯೆ ನಮ್ಮ ಮನೆಯಂಗಳದಲ್ಲೇ ಇದೆ. ಕೀಲಿರುವ ತೊಗಲುಗೊಂಬೆಯ ಅಂಗೈಗೆ ಕಟ್ಟಿದ ಕಡ್ಡಿ ಎತ್ತಿದರೆ ಮೊಣಕೈ ತಾನೇ ಮಡಚುತ್ತದೆ. ನಾವು ಇನ್ವರ್ಸ್ ಕೈನಮ್ಯಾಟಿಕ್ಸ್ ಅಂತ ಹಲ್ಲು ಮುರಿಯುವ ಹೆಸರಿಟ್ಟು ಕಲಿಯುವುದು ಇದನ್ನೇ. ಕೊಪ್ಪಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕ್ಲಾಸಿನಲ್ಲೂ ಎಲ್ಲರೂ ಸ್ಟೇಟಸ್ ಹಾಕಿದರು. ಆದರೆ ಮೂರು ವರ್ಷದಲ್ಲಿ ಒಬ್ಬ ಗೊಂಬೆಯಾಟದವರೂ ನಮ್ಮ ತರಗತಿಗೆ ಕಾಲಿಟ್ಟಿಲ್ಲ.

ಸಾಫ್ಟ್‌ವೇರ್ ದುಬಾರಿ ಅನ್ನುವ ನೆಪ ಈಗ ನಡೆಯಲ್ಲ. ಅನಿಮೇಷನ್ ಮಾಡುವ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ. 2025ರಲ್ಲಿ ಆಸ್ಕರ್ ಗೆದ್ದ, ಲಾಟ್ವಿಯಾದ ನಿರ್ದೇಶಕರ ಬೆಕ್ಕಿನ ಸಿನಿಮಾ ಅದರಲ್ಲೇ ಮಾಡಿದ್ದು. ಆ ಉಳಿದ ದುಡ್ಡಿನಲ್ಲಿ ವಿಶ್ವವಿದ್ಯಾಲಯದವರು ಮೊದಲ ವರ್ಷಕ್ಕೆ ಒಂದು ಗಣಿತದ ಪೇಪರ್ ಇಡಲಿ, ನಮ್ಮ ಭಾಷೆಯಲ್ಲಿ, ಚೆಂಡು ಮತ್ತು ಕೈ ಇಟ್ಟುಕೊಂಡೇ ಕಲಿಸುವಂಥದ್ದು. ವಾರಕ್ಕೊಂದು ದಿನ ಕಂಪ್ಯೂಟರ್ ಸೈನ್ಸಿನವರ ಜೊತೆ ಒಂದೇ ಲ್ಯಾಬಿನಲ್ಲಿ ಕೂರಿಸಲಿ. ಗೊಂಬೆಯಾಟದವರನ್ನು ಕರೆಸಲಿ, ಸನ್ಮಾನ ಮಾಡಿ ಕಳಿಸುವುದಕ್ಕಲ್ಲ, ಪಾಠ ಮಾಡುವುದಕ್ಕೆ, ಸಂಬಳ ಕೊಟ್ಟು.

ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ಅಂಥ ಲೇಖನ ಬಂದರೆ ‘ಗಣಿತ ಬೇಕಿಲ್ಲ’ ಅನ್ನುವ ಸಾಲನ್ನು ದಯವಿಟ್ಟು ತೆಗೆದುಬಿಡಿ.

— ಅನಿಮೇಷನ್ ವಿದ್ಯಾರ್ಥಿನಿ, ಬೆಂಗಳೂರು