ಖುರಾಕಿನ ಲೆಕ್ಕ: ಸೌತ್ ಬೆಂಡಿನ ದೋಸ್ತಗ ಬೆಟಗೇರಿಯಿಂದ ಒಂದು ಪತ್ರ

ದೋಸ್ತಾ,

ನೀ ಕಳಿಸಿದ ಟೊಪಿಗಿ ಮುಟ್ಟಿತು. ನಿನ್ನ ತಂಗಿ ಮಗ ಹುಬ್ಬಳ್ಳಿಯಿಂದ ಬೆಟಗೇರಿತನಕ ಬಂದು ಕೊಟ್ಟು, ಚಾ ಸೈತ ಕುಡೀಲಾರದ ಹೋದ. ನೀಲಿ ಟೊಪಿಗಿ, ಮುಂದ ಒಂದರೊಳಗ ಒಂದು ಹೆಣೆದ ಎರಡು ಅಕ್ಷರ. ಮರುದಿನ ಮುಂಜಾನೆ ಅದನ್ನ ಹಾಕ್ಕೊಂಡ ಗರಡಿಮನಿಗೆ ಹೋದೆ. "ಸರ, ಇದು ಐಪಿಎಲ್‌ನಾಗ ಯಾವ ಟೀಮರೀ?" ಅಂತ ಹುಡುಗರು ಕೇಳಿದ್ರು. "ಐಪಿಎಲ್ ಅಲ್ಲಲೇ, ಅಮೆರಿಕದ ಸೌತ್ ಬೆಂಡಿನಾಗ ನೊಟ್ರ್ ಡೇಮ್ ಅಂತ ಪಾದ್ರಿಗಳ ಕಾಲೇಜೈತಿ, ಅದರ ಟೀಮು" ಅಂದೆ. ಒಬ್ಬರೂ ನಂಬಲಿಲ್ಲ.

ನೀ ಫೋನಿನ್ಯಾಗ ಕೇಳಿದ್ದಿ: "ಜಲ್ಮಾ ಎಲ್ಲಾ ಪಿಟಿ ಮಾಸ್ತರಕಿ ಮಾಡಿದಾಂವ ನೀನು. ಒಂದು ಕಾಲೇಜಿನ ಫುಟ್‌ಬಾಲ್ ನೋಡಾಕ ಇಷ್ಟು ಮಂದಿ ಯಾಕ ಸೇರ್ತಾರ, ಪಾದ್ರಿಗಳಿಗೂ ಈ ಬಡಿದಾಟಕ್ಕೂ ಏನು ಸಂಬಂಧ, ಹೇಳು ನೋಡೂಣು." ಫೋನಿನ್ಯಾಗ ಹೇಳೋ ಮಾತಲ್ಲ ಅಂತ ಸುಮ್ಮನಿದ್ದೆ. ರಿಟೈರ್ ಆದಾಂವಗ ಟೈಮಿಗೇನು ಬರ? ಮಗನ ಲ್ಯಾಪ್‌ಟಾಪ್ ಇಟ್ಟುಕೊಂಡು ಹದಿನೈದು ದಿನ ಓದಿದೆ, ಹಳೆ ಆಟ ನೋಡಿದೆ. ಈಗ ಕೇಳು.

ಮೊದಲ ಆಟದ ಮಾತು. ಅಮೆರಿಕದ ಫುಟ್‌ಬಾಲ್ ತಿಳೀವಲ್ದು ಅಂತಿ. ಹಾವೇರಿ ಮನಶ್ಯಾ ಆಗಿ ಹಿಂಗ ಅಂದ್ರ ಹೆಂಗ? ದೀಪಾವಳಿಗೆ ನಿಮ್ಮ ಕಡೆ ಕೊಬ್ಬರಿ ಹೋರಿ ಬಿಡ್ತಾರಲ್ಲ, ಅದನ್ನ ನೆನೆಸ್ಕೋ. ಹೋರಿ ಕೊಳ್ಳಾಗ ಕೊಬ್ಬರಿ ಸರ, ಎರಡೂ ಕಡೆ ಮಂದಿ. ಮಂದಿ ಬೆನ್ನಿಗೆ ಬಿದ್ದು ಕೊಬ್ಬರಿ ಹರ್ಕೋಬೇಕು, ಹೋರಿ ಯಾರ ಕೈಗೂ ಸಿಗದಂಗ ಪಾರಾಗಬೇಕು. ಅಲ್ಲಿ ಬಗಲಾಗ ಚೆಂಡು ಒತ್ತಿ ಹಿಡಕೊಂಡು ಓಡ್ತಾನಲ್ಲ, ಅಂವನ ಹೋರಿ. ಫರಕು ಇಷ್ಟ: ನಾಲ್ಕು ಸರತಿಯೊಳಗ ಹತ್ತು ಗಜ ಮುಂದ ಹೋಗಬೇಕು. ಹೋದ್ರ ಮತ್ತ ನಾಲ್ಕು ಸರತಿ, ಇಲ್ಲಾಂದ್ರ ಚೆಂಡು ಎದುರಿನವರಿಗೆ. ಕಡೀ ಗೆರಿ ದಾಟಿದ್ರ ಆರು ಅಂಕ, ಅದಕ್ಕ 'ಟಚ್‌ಡೌನ್' ಅಂತಾರ, ಅಂಪೈರ್ ಎರಡೂ ಕೈ ಮ್ಯಾಲೆತ್ತತಾನ, ನಮ್ಮ ಸಿಕ್ಸರಿಗೆ ಎತ್ತಿದಂಗ. ನಿನ್ನ ಫೋಟೋದಾಗ ಸ್ಟೇಡಿಯಮ್ ಆಚೆ ಲೈಬ್ರರಿ ಗ್ವಾಡಿ ಮ್ಯಾಲ ಯೇಸು ಕೈ ಎತ್ತಿ ನಿಂತಾನ ನೋಡು. 134 ಅಡಿ ಎತ್ತರ, ಕಲ್ಲಿನ ತುಂಡು ಜೋಡಿಸಿ ಮಾಡಿದ್ದು, 1964ರದು. ಕಟ್ಟಿಸಿದವರು ಕ್ರಿಸ್ತ ಗುರು ಅಂತ ಮಾಡಿಸಿದ್ರು, ಹುಡುಗರು 'ಟಚ್‌ಡೌನ್ ಜೀಸಸ್' ಅಂತ ಹೆಸರಿಟ್ಟುಬಿಟ್ರು. ದೇವರನ್ನ ಅಂಪೈರ್ ಮಾಡೋ ಸಲಿಗಿ ಕಾಲೇಜು ಹುಡುಗರಿಗೆ ಅಷ್ಟ ಇರ್ತೈತಿ.

ನೀನಿರೋ ಊರಿನ ಮಂದಿ ಲೆಕ್ಕ ತೆಗೆದೆ. ಒಂದು ಲಕ್ಷದ ಮ್ಯಾಲ ಚೂರು. ನಮ್ಮ ಗದಗ-ಬೆಟಗೇರಿ 2011ರ ಜನಗಣತಿದಾಗನ 1.7 ಲಕ್ಷ ದಾಟಿತ್ತು. ಅಂದ್ರ ನಮಗಿಂತ ಸಣ್ಣ ಊರು. ಅಂಥಾ ಊರಿನ ಮಗ್ಗಲದಾಗ 77,622 ಮಂದಿ ಕೂಡ್ರೋ ಸ್ಟೇಡಿಯಮ್! ನಮ್ಮೂರ ಜಾತ್ರಿ ಕುಸ್ತಿಗೆ ಮಾಳಗಿ ಮ್ಯಾಲ, ಗಿಡದ ಟೊಂಗಿ ಮ್ಯಾಲ ಕುಂತವರನ್ನೂ ಎಣಿಸಿದ್ರೂ ಅದರ ಒಂದು ಮೂಲಿ ತುಂಬೂದಿಲ್ಲ.

ಯಾಕ ಸೇರ್ತಾರ ಅಂದ್ರ, ಅದು ಆಟದ ಕಥಿ ಅಲ್ಲ, ಮಾನದ ಕಥಿ. ನೊಟ್ರ್ ಡೇಮ್ ಕಟ್ಟಿದ್ದು 1842ರಾಗ, ಎಡ್ವರ್ಡ್ ಸೋರಿನ್ ಅನ್ನೋ ಫ್ರೆಂಚ್ ಪಾದ್ರಿ, ಹೋಲಿ ಕ್ರಾಸ್ ಸಭೆಯವ. (ನಮ್ಮ ಬೆಟಗೇರಿಗೆ ಬಂದಿದ್ದ ಜರ್ಮನ್ ಪಾದ್ರಿಗಳು ಬಾಸೆಲ್ ಮಿಷನ್ನಿನವರು, ಪ್ರಾಟೆಸ್ಟಂಟ್ ಮಂದಿ. ಇವರು ಕ್ಯಾಥೊಲಿಕ್. ನಮ್ಮವರು ಇಬ್ಬರನ್ನೂ ಕೂಡಿಸಿ 'ಪಾದ್ರಿ' ಅಂತ ಮುಗಿಸ್ತಾರ.) ಹೆಸರು ತಂದ ಕೋಚ್ ನ್ಯೂಟ್ ರಾಕ್ನಿ, ಹುಟ್ಟಿದ್ದು ನಾರ್ವೇದಾಗ. ಟೀಮಿನ ಹೆಸರು ನೋಡಿದ್ರ 'ಫೈಟಿಂಗ್ ಐರಿಷ್'. ಅದು ತಾವಾಗಿ ಇಟ್ಟುಕೊಂಡ ಹೆಸರಲ್ಲ. ಬಡತನ ತಾಳಲಾರದ ಹಡಗ ಹತ್ತಿ ಬಂದ ಐರಿಷ್ ಕ್ಯಾಥೊಲಿಕ್ ಮಂದಿ ಅಂದ್ರ ಆಗ ಅಲ್ಲಿಯವರಿಗೆ ತಾತ್ಸಾರ. ಎದುರಿನ ಮಂದಿ ಹಂಗಿಸಾಕ ಒದರ್ತಿದ್ದ ಹೆಸರನ್ನ 1927ರಾಗ ವಿಶ್ವವಿದ್ಯಾಲಯದ ಅಧ್ಯಕ್ಷ ಪಾದ್ರಿ ಮ್ಯಾಥ್ಯೂ ವಾಲ್ಶ್ "ಹೌದು, ಅದನ ನಮ್ಮ ಹೆಸರು" ಅಂತ ಒಪ್ಪಿಕೊಂಡ.

ಅದಕ್ಕೂ ಮೂರು ವರ್ಷ ಮೊದಲ, 1924ರ ಮೇ ತಿಂಗಳದಾಗ ನಿನ್ನೂರಾಗ ದೊಡ್ಡ ಗದ್ದಲ ಆಗೈತಿ. ನಿಮ್ಮ ಇಂಡಿಯಾನಾ ರಾಜ್ಯದಾಗ ಆಗ ಕೂ ಕ್ಲಕ್ಸ್ ಕ್ಲಾನ್ ಅಂತ, ಬಿಳಿಯರ ಹೆಚ್ಚು ಅನ್ನೋ ಪುಂಡರ ಗುಂಪು ಭಾಳ ಜೋರಿತ್ತು. ಕರಿಯರು, ಯಹೂದಿಗಳು, ಕ್ಯಾಥೊಲಿಕ್ಕರು ಯಾರನ್ನೂ ಕಂಡ್ರ ಆಗ್ತಿದ್ದಿಲ್ಲ ಅವರಿಗೆ. ಸೌತ್ ಬೆಂಡಿನಾಗ ಸಭಾ ಇಟ್ಟುಕೊಂಡ್ರು. ಕಾಲೇಜು ಹುಡುಗರು ರೈಲ್ವೆ ಸ್ಟೇಷನ್ನಿಗೇ ಹೋಗಿ ನಿಂತು, ಇಳಿದು ಬಂದವರ ಬಿಳಿ ನಿಲುವಂಗಿ ಕಸಗೊಂಡು ಹರಿದ್ರು. ಕ್ಲಾನಿನ ಆಫೀಸಿನ ಕಿಟಕಿಯೊಳಗ ಕೆಂಪು ಬಲ್ಬಿನ ಶಿಲುಬಿ ಉರೀತಿತ್ತಂತ, ಅಂಗಡಿ ಆಲೂಗಡ್ಡಿ ತಂದು ಒಂದೊಂದ ಬಲ್ಬಿಗೆ ಗುರಿಯಿಟ್ಟು ಒಡೆದ್ರು ಅಂತ ಕಥಿ ಹೇಳ್ತಾರ. ಆ ವರ್ಷದ ಹಂಗಾಮಿನಾಗ ಟೀಮು ಒಂದೂ ಆಟ ಸೋಲಲಿಲ್ಲ. 1925ರ ಜನವರಿ 1ಕ್ಕ ರೋಸ್ ಬೌಲ್ ಅನ್ನೋ ದೊಡ್ಡ ಪಂದ್ಯದಾಗ ಸ್ಟ್ಯಾನ್‌ಫರ್ಡನ್ನ 27-10ರಿಂದ ಕೆಡವಿದ್ರು. ಬೋಸ್ಟನ್, ಶಿಕಾಗೋದಾಗ ಕೂಲಿನಾಲಿ ಮಾಡೋ ಕ್ಯಾಥೊಲಿಕ್ ಮನಶ್ಯಾ, ಕಾಲೇಜಿನ ಮಾರಿ ನೋಡದಾಂವ, ಆವತ್ತು ಎದಿ ಉಬ್ಬಿಸಿ ನಡೆದಿರಬೇಕು. ಅಂಥವರ ಮೊಮ್ಮಕ್ಕಳು, ಮರಿಮಕ್ಕಳು ಸೇರೂದು ಅಲ್ಲಿ.

ರಾಕ್ನಿ ಬಗ್ಗೆ ಇನ್ನೊಂದು ಮಾತು ಹೇಳಬೇಕು, ನಮ್ಮಂಥಾ ತಾಲೀಮಿನವರಿಗೆ ರುಚಿ ಹತ್ತೋ ಮಾತು. ಅಂವ ಅಲ್ಲೇ ಓದಿ, ಅಲ್ಲೇ ಆಡಿದ ಹುಡುಗ. ಚೆಂಡನ್ನ ಮುಂದಕ್ಕ ಒಗಿಯೂದಕ್ಕ 1906ರಾಗನ ಪರವಾನಿಗಿ ಸಿಕ್ಕಿತ್ತು, ಆದ್ರ ಅದನ್ನ ನಂಬಿ ಆಡೋರು ಕಡಿಮಿ. 1913ರ ಬೇಸಿಗ್ಯಾಗ ರಾಕ್ನಿ ಮತ್ತ ಗೆಳೆಯ ಗಸ್ ಡೊರಾಯ್ಸ್ ಓಹಾಯೋದಾಗ ದೊಡ್ಡ ಸರೋವರದ ದಂಡಿಗಿರೋ ಸೀಡರ್ ಪಾಯಿಂಟಿಗೆ ರಜಾದ ಕೆಲಸಕ್ಕ ಹೋದ್ರು. ಕೆಲಸ ಮುಗಿದ ಮ್ಯಾಲ ಉಸುಕಿನಾಗ ಡೊರಾಯ್ಸ್ ಒಗಿಯೂದು, ರಾಕ್ನಿ ಓಡಿಕೋತನ ಹಿಡಿಯೂದು. ನವೆಂಬರ್ 1ಕ್ಕ ಸೈನ್ಯದ ಅಕಾಡೆಮಿ ಮುಂದ ನಿಂತ್ರ, ಗಟ್ಟಿ ಆಳುಗಳು ಕುಸ್ತಿಗೆ ಕಾದು ನಿಂತಾರ, ಚೆಂಡು ತಲಿ ಮ್ಯಾಲಿಂದ ಹೊಂಟೈತಿ! 35-13. ಮುಂದ ಕೋಚ್ ಆಗಿ 105 ಗೆದ್ದ, 12 ಸೋತ, 5 ಸಮ. 1930ಕ್ಕ ಸ್ಟೇಡಿಯಮ್ ಆತು, 1931ರ ಮಾರ್ಚಿನಾಗ ವಿಮಾನ ಬಿದ್ದು ಹೋಗಿಬಿಟ್ಟ. ಇನ್ನೂ 43 ವಯಸ್ಸು.

ಉಸುಕಿನ ಮಾತಿಗೆ ನಮ್ಮ ಬಿಜಾಪುರದ ಫೇರಿ ನೆನಪಾತು. ಅಂತರ್‌ಕಾಲೇಜು ಕುಸ್ತಿ. ಮೀಟರ್ ಗೇಜ್ ಪ್ಯಾಸೆಂಜರಿನಾಗ ಬಾಗಲದಾಗ ಕುಂತಿದ್ವಿ. ನಿನ್ನ ತೂಕ ಅರ್ಧ ಕಿಲೋ ಹೆಚ್ಚಿತ್ತು. ಹಿಂದಿನ ರಾತ್ರಿಯಿಂದ ನೀರು ಮುಟ್ಟಿದ್ದಿಲ್ಲ, ಬಾಯಾಗ ಹುಣಚಿಹಣ್ಣಿನ ಉಂಡಿ ಇಟ್ಟುಕೊಂಡು ದಾರಿಯುದ್ದಕ್ಕೂ ಡಬ್ಬಿಯೊಳಗ ಉಗುಳಿಕೋತ ಬಂದಿದ್ದಿ, ಎದುರಿನ ಸೀಟಿನ ಮುದುಕಿ ನಿನಗ ಹೊಟ್ಟಿಬ್ಯಾನಿ ಅಂತ ತಿಳಿದು ಅಜವಾನ ಕೊಟ್ಟಳು. ಟಿಎ-ಡಿಎ ವೋಚರಿಗೆ ಸಹಿ ಮಾಡಿದ್ದು 45 ರೂಪಾಯಿಗೆ. ಕೈಗೆ ಬಂದದ್ದು ಎರಡು ಬಾಳಿಹಣ್ಣು, ಒಂದು ಬನ್ನು. ತೂಕ ಕೊಟ್ಟು ಬಂದು ಆ ಬನ್ನು ತಿನ್ನೂಮುಂದ ನಿನ್ನ ಕಣ್ಣಾಗ ನೀರು ಬಂದಿದ್ದು ನಾ ನೋಡೇನಿ. ಕಾಲೇಜಿನ ಹೆಸರು ಬರೆಯೂದಿಲ್ಲ, ಇಬ್ಬರಿಗೂ ಗೊತ್ತೈತಿ, ಸಾಕು.

ನಮ್ಮ ಕಡೆ ಆಟಗಾರನ ಸ್ಕಾಲರ್‌ಶಿಪ್ ಅಂದ್ರ ಅವ್ವ-ಅಪ್ಪನ ಕಿಸೆ. ಕ್ರಿಕೆಟ್ ಆಟಗಾರ ಸುನೀಲ ಜೋಶಿ ಗದಗಿನಿಂದ ನಸುಕಿನಾಗ ಹುಬ್ಬಳ್ಳಿಗೆ ಹೋಗಿ ಪ್ರ್ಯಾಕ್ಟೀಸ್ ಮಾಡಿ, ತಿರುಗಿ ಬಂದು ಶಾಲಿಗೆ ಹೋಗ್ತಿದ್ದ. ಅಂವ ಇಂಡಿಯಾಕ್ಕ ಆಡಿದ ಅಂತ ಎಲ್ಲಾರೂ ಹೇಳ್ತೇವಿ, ಆ ಟಿಕೀಟಿನ ರೊಕ್ಕ ಯಾರೂ ಲೆಕ್ಕಾ ಹಾಕೂದಿಲ್ಲ.

ಅಲ್ಲಿ ರೊಕ್ಕದ ಲೆಕ್ಕ ಬ್ಯಾರೆ. 1991ರಿಂದ ಆ ಟೀಮಿನ ತವರಿನ ಆಟ ತೋರಿಸೋ ಹಕ್ಕು ಎನ್‌ಬಿಸಿ ಟೀವಿ ಕಂಪನಿದು. ಉಳಿದ ಆಟಕ್ಕ ಬ್ಯಾರೆ ಕಾಲೇಜುಗಳ ಕೂಟ ಸೇರಿದ್ರೂ ಫುಟ್‌ಬಾಲಿಗೆ ಮಾತ್ರ ಯಾರ ಹಂಗೂ ಇಲ್ಲ, ಒಂಟಿ ಸಲಗ. ಆ ಟೀವಿ ರೊಕ್ಕದಾಗ ಒಂದು ಪಾಲು ಆಟ ಆಡದ ಬಡ ಹುಡುಗರ ಫೀಗೂ ಹೋಗೈತಿ, ಅದು ಚಲೋ. ಆದ್ರ ತಲಿ ಒಡಕೊಂಡು ಆಡಿದಾಂವಗ? ಭಾಳ ವರ್ಷ ಫೀ, ರೂಮು, ಊಟ ಇಷ್ಟ. ಮ್ಯಾಲ ಒಂದು ಡಾಲರ್ ತಗೊಂಡ್ರ ಅಪರಾಧ. 2021ರಾಗ ತಮ್ಮ ಹೆಸರು, ಫೋಟೋ ಮಾರಿ ಗಳಿಸಬಹುದು ಅಂತ ಆತು. 2025ರ ಜುಲೈಯಿಂದ ಕಾಲೇಜುಗಳು ತಾವ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್ ತನಕ. ಇದರಿಂದ ಆಟ ಕೆಡತೈತಿ ಅಂತ ಅಳೋರು ಇದ್ದಾರ. ನಾ ಅಳೂದಿಲ್ಲ. 45ಕ್ಕ ಸಹಿ ಮಾಡಿ ಬನ್ನು ತಿಂದಾಂವ ನಾನು.

ಹುಡುಗ್ಯಾರ ಮಾತು ಬಿಟ್ಟರ ನಿನ್ನ ಮಗಳು ಸಿಟ್ಟಾದಾಳು. ಆ ಕಾಲೇಜು ಪದವಿಗೆ ಹೆಣ್ಣಮಕ್ಕಳನ್ನ ಸೇರಿಸಿಕೊಂಡದ್ದ 1972ರಾಗ. ಆಟದಾಗೂ ಹೆಣ್ಣಮಕ್ಕಳಿಗೆ ಸಮಪಾಲು ಬೇಕು ಅನ್ನೋ ಕಾಯ್ದೆ ಅಮೆರಿಕದಾಗ ಬಂದದ್ದೂ ಅದ ವರ್ಷ. 2018ರ ಬಾಸ್ಕೆಟ್‌ಬಾಲ್ ಫೈನಲ್ ಎರಡು ಸಲ ನೋಡಿದೆ. ಏಪ್ರಿಲ್ 1, ಈಸ್ಟರ್ ಭಾನುವಾರ. ಎದುರಿಗೆ ಮಿಸಿಸಿಪಿ ಸ್ಟೇಟ್, 58-58. ಮೂಲಿಗೆ ಹೋಗಿ, ಒಂದ ಕಡೆ ವಾಲಿಕೊಂಡ, ಅರಿಕೆ ಒಗುನ್ಬೋವಾಲೆ ಚೆಂಡು ಬಿಟ್ಟಳು. ಬುಟ್ಟಿಗೆ ಬಿದ್ದಾಗ ಗಡಿಯಾರದಾಗ ಉಳಿದಿದ್ದು ಸೆಕೆಂಡಿನ ಹತ್ತನೇ ಒಂದು ಪಾಲು. ಮೊಮ್ಮಗಳು ನನ್ನ ಒದರಾಟ ಕೇಳಿ ಅಡಗಿಮನಿಯಿಂದ ಓಡಿ ಬಂದ್ಲು.

ಇಷ್ಟೆಲ್ಲಾ ಆದ್ರೂ ನನ್ನ ನಿದ್ದಿ ಕೆಡಿಸಿದ್ದು ಸ್ಟೇಡಿಯಮ್ ಅಲ್ಲ, ಬಾಕ್ಸಿಂಗು. ಕೇಳೀಯೋ ಇಲ್ಲೋ, ಅಲ್ಲಿ 'ಬೆಂಗಾಲ್ ಬೌಟ್ಸ್' ಅಂತ ನಡೀತೈತಿ. ಬೆಂಗಾಲ್ ಅಂದ್ರ ನಮ್ಮ ಬಂಗಾಳ! ಹೋಲಿ ಕ್ರಾಸ್ ಪಾದ್ರಿಗಳು 1853ರಿಂದ ಬಂಗಾಳದಾಗ ಇದ್ದಾರ, ಢಾಕಾದ ನೊಟ್ರ್ ಡೇಮ್ ಕಾಲೇಜೂ ಅವರದ. ರಾಕ್ನಿ ಕಾಲದಾಗ ಶುರುವಾದ ಬಾಕ್ಸಿಂಗನ್ನ 1931ರಿಂದ ಆ ಬಂಗಾಳದ ಕೆಲಸಕ್ಕ ರೊಕ್ಕ ಕೂಡಿಸಾಕ ಹಚ್ಚಿದ್ರು. ಟೀವಿ ಹುಲಿಗಳಲ್ಲ, ಲೆಕ್ಕಪತ್ರ, ಎಂಜಿನಿಯರಿಂಗ್ ಓದೋ ಸಾದಾ ಹುಡುಗರು, ಗ್ಲವ್ಸು ಹಾಕಿ ಗೊತ್ತಿಲ್ಲದವರೂ ಬರ್ತಾರ. ಚಳಿಗಾಲ ಪೂರ್ತಿ ತಾಲೀಮು ಮಾಡಿ ಒಬ್ಬರಿಗೊಬ್ಬರು ಗುದ್ದಿಸಿಕೊಂಡು ಟಿಕೀಟ್ ಮಾರ್ತಾರ. ಆ ರೊಕ್ಕ ಈಗ ಬಾಂಗ್ಲಾದೇಶಕ್ಕ ಹೋಗತೈತಿ. ಹುಡುಗ್ಯಾರದು 'ಬರಾಕಾ ಬೌಟ್ಸ್', ಅದರ ರೊಕ್ಕ ಪೂರ್ವ ಆಫ್ರಿಕಾಕ್ಕ. ಅವರ ಘೋಷಣಾದ ತಾತ್ಪರ್ಯ ಇಷ್ಟು: ಗಟ್ಟಿ ಮೈ ಕಾದಾಡಲಿ, ಸೊರಗಿದ ಮೈಗೆ ಅನ್ನ ಸಿಗಲಿ.

ಇದನ್ನ ಗರಡಿಯೊಳಗ ಕುಸ್ತಿ ಕಲಿಸೋ ವಸ್ತಾದಗ ಹೇಳಿದೆ. ನಾವೂ ಒಂದು ಕುಸ್ತಿ ಇಟ್ಟು, ಟಿಕೀಟ್ ಮಾರಿ, ಯಾರಿಗಾದರೂ ಕೊಡೂಣು ಅಂತ ನನ್ನ ಹುಮ್ಮಸ್ಸು. ವಸ್ತಾದ ಅಖಾಡದ ಮಣ್ಣಿಗೆ ಎಣ್ಣಿ ಹಾಕಿ ಕಲಸ್ತಿದ್ದ, ತಲಿ ಎತ್ತಲಿಲ್ಲ. "ಅವರು ಉಂಡು ಬಂದು ಬಡಿದಾಡ್ತಾರ್ರಿ ಸರ. ನಮ್ಮವು ಬಡಿದಾಡಿ ಬಂದು ಉಣಬೇಕು" ಅಂದ. ನಾ ಸುಮ್ಮನಾದೆ. ಹನ್ನೊಂದು ಹುಡುಗರು ಅದಾರ ಈಗ. ಖುರಾಕು ಅಂದ್ರ ಒಬ್ಬೊಬ್ಬಗ ದಿನಾ ಒಂದು ಲೀಟರ್ ಹಾಲು, ಒಂದು ಮುಷ್ಟಿ ಬದಾಮಿ, ತತ್ತಿ, ಅದು ಪುಸ್ತಕದ ಮಾತು. ಮೊನ್ನೆ ಒಬ್ಬ ಐನೂರು ದಂಡ ಹೊಡೆದು, ಚೀಲದಾಗಿನ ನಿನ್ನೆಯ ರೊಟ್ಟಿಗೆ ನೀರು ಚಿಮುಕಿಸಿ ಮೆತ್ತಗ ಮಾಡ್ಕೋತ ಕುಂತಿದ್ದ.

ದೀಪಾವಳಿ ಆದ ಎರಡನೇ ಭಾನುವಾರ ಕುಸ್ತಿ ಇಟ್ಟೇವಿ. ರೊಕ್ಕ ಮೊದಲ ಹಾಲಿನವಗ, ಉಳಿದ್ರ ಮುಂದಿನ ಮಾತು ಅಂತ ವಸ್ತಾದನ ತೀರ್ಮಾನ. ನಾನೂ ಹೂಂ ಅಂದೇನಿ. ಲೆಕ್ಕ ಬರೆದು ಗರಡಿ ಗ್ವಾಡಿಗೆ ಹಚ್ಚೋ ಕೆಲಸ ನನ್ನದು, ವೋಚರ್ ಗಿವೋಚರ್ ಇಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು. ಆ ಬೆಂಗಾಲ್ ಬೌಟ್ಸಿನ ಹುಡುಗರನ್ನ ಹೋಗಿ ಕಾಣು. ಟಿಕೀಟ್ ಯಾರಿಗೆ ಹೆಂಗ ಮಾರ್ತಾರ, ಹಿಂದಿನ ವರ್ಷ ಬಂದವರನ್ನ ಮತ್ತ ಹೆಂಗ ಕರೀತಾರ, ಎಲ್ಲಾ ಕೇಳಿ ಬರೆದು ಕಳಿಸು.

ನೀ ಬಂದ್ರ ಟೈಮ್ ಹಿಡಿಯಾಕ ಕೂಡ್ರಿಸ್ತೇನಿ. ಬರದಿದ್ರೂ ನಿನ್ನ ಟಿಕೀಟ್ ಹರಿದಿಟ್ಟೇನಿ, ಇಪ್ಪತ್ತು ರೂಪಾಯಿ ಬಾಕಿ ಐತಿ. ಬನ್ನು ನನ್ನ ಲೆಕ್ಕಕ್ಕ.

ಇಂತಿ,
ನಿನ್ನ ಬಿಜಾಪುರದ ಜೋಡಿ